ಎಸ್‌ಯುವಿ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಯಾರೇಜಿನ ಬೆಂಚಿನ ಮೇಲೆ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಹೆಚ್ಚಿನವು ಡೀಸೆಲ್ ಗಾಡಿಯವರದ್ದು. ಮಲೆನಾಡು, ಕರಾವಳಿ, ಬಯಲುಸೀಮೆಯ ರಸ್ತೆಗಳಲ್ಲಿ ಓಡಾಡುವವರದ್ದು. ಯಾವುದಾದರೂ ಅಳತೆಯಲ್ಲಿ ಇಲ್ಲಿನ ಮಾತಿಗೂ ನಿಮ್ಮ ಗಾಡಿಯ ಜೊತೆ ಬಂದ ಪುಸ್ತಕಕ್ಕೂ ವ್ಯತ್ಯಾಸ ಕಂಡರೆ ಪುಸ್ತಕದಲ್ಲಿರುವುದನ್ನೇ ಪಾಲಿಸಿ.

## ಮೊದಲ ಪಾಠ

ನನ್ನದು ಎತ್ತರದ ಗಾಡಿ. ಅಂದಮೇಲೆ ಎಂಥ ಕಚ್ಚಾ ರಸ್ತೆಗೂ ಹೋಗಬಹುದು ತಾನೆ?

ಎತ್ತರ ಬೇರೆ, ಎಳೆತ ಬೇರೆ. ಕ್ರೆಟಾ, ಸೆಲ್ಟಾಸ್‌ನಂಥವು ನೋಡಲು ದೊಡ್ಡವಾದರೂ ಎಂಜಿನ್ ತಿರುಗಿಸುವುದು ಮುಂದಿನ ಎರಡು ಚಕ್ರಗಳನ್ನು ಮಾತ್ರ. ಬೊಲೆರೊದಲ್ಲಿ ಹಿಂದಿನ ಎರಡು. ಥಾರ್, ಸ್ಕಾರ್ಪಿಯೊ-ಎನ್, ಫಾರ್ಚುನರ್‌ಗಳು ಎರಡು ಚಕ್ರದ ಎಳೆತದಲ್ಲೂ ಸಿಗುತ್ತವೆ, ನಾಲ್ಕು ಚಕ್ರದ ಎಳೆತದಲ್ಲೂ ಸಿಗುತ್ತವೆ. ಹಾಗಾಗಿ ಹೆಸರು ನೋಡಿ ನಿರ್ಧರಿಸಬೇಡಿ. ಗೇರ್ ಲಿವರ್ ಪಕ್ಕ 2ಎಚ್ (ಎರಡು ಚಕ್ರದ ಎಳೆತ), 4ಎಚ್ (ನಾಲ್ಕು ಚಕ್ರ, ಮಾಮೂಲು ವೇಗ), 4ಎಲ್ (ನಾಲ್ಕು ಚಕ್ರ, ನಿಧಾನ ವೇಗ, ಹೆಚ್ಚು ಬಲ) ಎಂದು ಬರೆದ ಇನ್ನೊಂದು ಲಿವರ್ ಅಥವಾ ತಿರುಗುಗುಂಡಿ ಇದ್ದರೆ ನಿಮ್ಮದು ಕೆಸರಿಗೆ ಇಳಿಯಬಲ್ಲ ಗಾಡಿ. ಇಲ್ಲದಿದ್ದರೆ ಹಳ್ಳ ಬಿದ್ದ ರಸ್ತೆಗೆ ಸಾಕು, ಮಳೆಗಾಲದ ತೋಟದ ದಾರಿಗೆ ಸಾಲದು. ಏಳು ಜನ, ಮೇಲೊಂದಿಷ್ಟು ಅಕ್ಕಿಮೂಟೆ ಹೇರಿದಾಗ ಹಿಂಭಾಗ ಎಷ್ಟು ಕುಸಿಯುತ್ತದೆ ಎಂದು ಒಮ್ಮೆ ಟೇಪು ಹಿಡಿದು ಅಳೆಯಿರಿ. ಷೋರೂಮಿನಲ್ಲಿ ಹೇಳಿದ ಗ್ರೌಂಡ್ ಕ್ಲಿಯರೆನ್ಸ್ ಆಗ ಉಳಿದಿರುವುದಿಲ್ಲ.

ಹತ್ತು ಸಾವಿರಕ್ಕೆ ಸರ್ವಿಸ್ ಅಂತ ಬುಕ್ಕಿನಲ್ಲಿದೆ. ನಾನು ವರ್ಷಕ್ಕೆ ಓಡಿಸೋದೇ ನಾಲ್ಕು ಸಾವಿರ. ಮುಂದೂಡಬಹುದಾ?

ಬೇಡ. ಬುಕ್ಕಿನಲ್ಲಿ ಕಿಲೋಮೀಟರ್ ಪಕ್ಕದಲ್ಲೇ ತಿಂಗಳ ಲೆಕ್ಕವೂ ಇರುತ್ತದೆ; ಯಾವುದು ಮೊದಲು ಬರುತ್ತದೋ ಅದು. ಆಯಿಲ್ ಓಡಿಸಿದರೆ ಮಾತ್ರವಲ್ಲ, ನಿಂತಲ್ಲೂ ಹಾಳಾಗುತ್ತದೆ. ಎರಡು ಕಿಲೋಮೀಟರ್ ಪೇಟೆಗೆ ಹೋಗಿ ಬರುವ ಗಾಡಿಯ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ಒಳಗೆ ಕೂತ ತೇವ ಆವಿಯಾಗಿ ಹೋಗುವುದಿಲ್ಲ. ಧೂಳು, ಘಾಟಿ, ಭಾರ, ಗಿಡ್ಡ ಓಡಾಟ ಇವನ್ನು ಕಂಪನಿಗಳೇ ಕಠಿಣ ಬಳಕೆ ಎಂದು ಬೇರೆ ಪಟ್ಟಿಯಲ್ಲಿ ಹಾಕಿ, ಅವಧಿಯನ್ನು ಕಡಿಮೆ ಮಾಡಿರುತ್ತವೆ. ನಮ್ಮಲ್ಲಿ ಬಹುಪಾಲು ಗಾಡಿಗಳು ಆ ಪಟ್ಟಿಯವೇ.

ದಿನಾ ಬೆಳಿಗ್ಗೆ ಏನೇನು ನೋಡಬೇಕು? ಅಷ್ಟೆಲ್ಲ ಟೈಮ್ ಇರಲ್ಲ.

ಗಾಡಿಗೆ ಒಂದು ಸುತ್ತು ಬನ್ನಿ, ಒಂದು ನಿಮಿಷ ಸಾಕು. ನಾಲ್ಕೂ ಟೈರ್, ದೀಪ, ಗಾಜು. ಆಮೇಲೆ ನೆಲ ನೋಡಿ. ಬಣ್ಣವಿಲ್ಲದ ನೀರು ಏಸಿಯದು, ಚಿಂತೆಯಿಲ್ಲ. ಹಸಿರು ಅಥವಾ ಗುಲಾಬಿ ಹನಿ ಕೂಲೆಂಟ್. ಕಪ್ಪು ಕಲೆ ಎಂಜಿನ್ ಆಯಿಲ್. ಚಕ್ರದ ಒಳಬದಿಯಲ್ಲಿ ಒದ್ದೆಯಾಗಿ ಜಾರುವಂಥದ್ದು ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಅವತ್ತು ಗಾಡಿ ತೆಗೆಯಬೇಡಿ.

ಟೈರಿಗೆ ಎಷ್ಟು ಗಾಳಿ? ಬಂಕಿನವರು ಕಣ್ಣುಮುಚ್ಚಿ 40 ಹಾಕ್ತಾರೆ.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಕಾಣುತ್ತದೆ. ಇಬ್ಬರಿದ್ದಾಗ ಎಷ್ಟು, ಪೂರ್ತಿ ಭಾರಕ್ಕೆ ಎಷ್ಟು ಎಂದು ಅದರಲ್ಲಿದೆ. ಟೈರಿನ ಮೇಲೆ ಅಚ್ಚಾಗಿರುವ ಅಂಕಿ ಗರಿಷ್ಠ ಮಿತಿ, ಅದನ್ನು ಹಾಕಿಸಬೇಡಿ. ಟೈರ್ ತಣ್ಣಗಿರುವಾಗ, ಅಂದರೆ ಮನೆಯಿಂದ ಎರಡು ಮೂರು ಕಿ.ಮೀ. ಒಳಗೆ, ಅಳೆಸಿ. ದೂರ ಓಡಿ ಬಿಸಿಯಾದ ಟೈರ್ ಮೂರ್ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಆಗ ಇಳಿಸಿದರೆ ಮರುದಿನ ಕಡಿಮೆಯಾಗಿರುತ್ತದೆ. ಗಾಳಿ ಹೆಚ್ಚಾದರೆ ನಡುಭಾಗ ಸವೆಯುತ್ತದೆ, ಕಡಿಮೆಯಾದರೆ ಎರಡೂ ಅಂಚು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆ.

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2322 ಎಂದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಹೊಸದೆಂದು ಕೊಟ್ಟ ಟೈರಿನಲ್ಲೂ ಇದನ್ನು ಓದಿ ದುಡ್ಡು ಕೊಡಿ. ಟೈರಿನ ಕಾಲುವೆಗಳೊಳಗೆ ಇರುವ ಸಣ್ಣ ದಿಬ್ಬಗಳ ಮಟ್ಟಕ್ಕೆ, ಅಂದರೆ 1.6 ಮಿ.ಮೀ.ಗೆ, ಟೈರ್ ಸವೆದರೆ ಕಾನೂನಿನ ಪ್ರಕಾರ ಅದರ ಆಯುಸ್ಸು ಮುಗಿಯಿತು. ಮಲೆನಾಡಿನ ಮಳೆಗೆ ಅಲ್ಲಿಯವರೆಗೂ ಕಾಯಬಾರದು, 3 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು.

ಸ್ಟೆಪ್ನಿ ಹಾಕಿದ ಮೇಲೆ ಚಕ್ರ ಕಟಕಟ ಅಂತಿದೆ. ಯಾಕೆ?

ನಟ್ ಸಡಿಲ. ಅಲ್ಲೇ ನಿಲ್ಲಿಸಿ. ಜಾಕ್ ಮೇಲಿದ್ದಾಗ ನಟ್‌ಗಳನ್ನು ಎದುರುಬದುರಾಗಿ, ನಕ್ಷತ್ರ ಬರೆದ ಹಾಗೆ, ಕೈಯಿಂದ ಕೂರಿಸಿ. ಚಕ್ರ ನೆಲ ಮುಟ್ಟಿದ ಮೇಲೆ ಅದೇ ಕ್ರಮದಲ್ಲಿ ಬಿಗಿ ಮಾಡಿ. ಸ್ಪ್ಯಾನರ್ ಮೇಲೆ ಹತ್ತಿ ಕುಣಿಯಬೇಡಿ, ನಟ್ ಕೂರುವ ಸ್ಟಡ್ ಎಳೆದುಹೋಗುತ್ತದೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಗಾಡಿಯ ಅಡಿಯಲ್ಲಿ ನೇತಾಡುವ ಸ್ಟೆಪ್ನಿಯನ್ನು ವರ್ಷಕ್ಕೆರಡು ಸಲ ಇಳಿಸಿ ನೋಡಿ. ಕರಾವಳಿಯಲ್ಲಿ ಅದರ ಚೈನ್ ತುಕ್ಕು ಹಿಡಿದು, ಬೇಕಾದಾಗಲೇ ಇಳಿಯದಂತೆ ಕೂತುಬಿಡುತ್ತದೆ.

## ಬಾನೆಟ್ಟಿನ ಕೆಳಗೆ

ಹೊಸ ಆಯಿಲ್ ಹಾಕಿಸಿ ವಾರ ಆಗಿಲ್ಲ, ಆಗಲೇ ಕಪ್ಪಗಾಗಿದೆ. ಮೋಸ ಮಾಡಿದ್ರಾ?

ಡೀಸೆಲ್ ಎಂಜಿನ್‌ನಲ್ಲಿ ಕಪ್ಪಾಗುವುದು ಮಾಮೂಲು. ಮಸಿಯನ್ನು ತನ್ನೊಳಗೆ ಹಿಡಿದಿಡುವುದು ಆಯಿಲಿನ ಕೆಲಸಗಳಲ್ಲೊಂದು. ನೋಡಬೇಕಾದದ್ದು ಮಟ್ಟ. ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ತೂರಿಸಿ, ಮತ್ತೆ ಎಳೆದು ನೋಡಿ. ಕೆಳಗಿನ ಮತ್ತು ಮೇಲಿನ ಗುರುತಿನ ನಡುವೆ ಅನೇಕ ಎಂಜಿನ್‌ಗಳಲ್ಲಿ ಸುಮಾರು ಒಂದು ಲೀಟರ್ ಅಂತರ. ಕಾಲು ಕಾಲು ಲೀಟರ್ ಹಾಕುತ್ತಾ ನೋಡಿ.

ಮಟ್ಟ ಇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ, ಏರಿದರೆ ಯಾರೂ ಕೇಳುವುದಿಲ್ಲ. ಬಿಎಸ್6, ಅಂದರೆ ಹೊಸ ಹೊಗೆ ನಿಯಮದ, ಡೀಸೆಲ್ ಗಾಡಿಯಲ್ಲಿ ಏರುವುದು ಇನ್ನೂ ಕೆಟ್ಟದ್ದು. ಡಿಪಿಎಫ್ ಎಂಬ, ಹೊಗೆಯ ಮಸಿ ಹಿಡಿಯುವ ಜರಡಿಯ ಶುದ್ಧಿಗೆಂದು ಹೆಚ್ಚುವರಿಯಾಗಿ ಚಿಮ್ಮಿದ ಡೀಸೆಲ್ ಕೆಳಗಿಳಿದು ಆಯಿಲ್ ಜೊತೆ ಬೆರೆತಿದೆ ಎಂದರ್ಥ. ತೆಳ್ಳಗಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ. ಮೇಲಿನ ಗುರುತು ದಾಟಿದ್ದರೆ ಅವಧಿಗೆ ಕಾಯದೆ ಬದಲಿಸಿ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ದರ್ಜೆಯ ಆಯಿಲೇ ಬೇಕು. 5ಡಬ್ಲ್ಯು-30 ಎಂಬುದು ಬರೀ ದಪ್ಪದ ಅಳತೆ. ದರ್ಜೆ ಡಬ್ಬದ ಹಿಂಬದಿಯಲ್ಲಿರುತ್ತದೆ.

ಕೂಲೆಂಟ್ ಕಡಿಮೆಯಾದ್ರೆ ಬೋರ್‌ವೆಲ್ ನೀರು ಹಾಕಿದ್ರೆ ಏನಾಗುತ್ತೆ?

ಕೋಲಾರ, ತುಮಕೂರು ಕಡೆ ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದಲ್ಲ, ಅದೇ ರೇಡಿಯೇಟರ್ ಕೊಳವೆಯೊಳಗೂ ಕಟ್ಟುತ್ತದೆ. ರೆಡಿಮಿಕ್ಸ್ ಆದರೆ ಹಾಗೇ ಹಾಕಿ. ಗಟ್ಟಿ ಕೂಲೆಂಟ್ ಆದರೆ ಡಿಸ್ಟಿಲ್ಡ್ ವಾಟರ್ ಜೊತೆ ಸಮಸಮ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ನೀರು ಹಾಕಿದ್ದರೆ ಊರು ಸೇರಿದ ಮೇಲೆ ಪೂರ್ತಿ ಬದಲಿಸಿ. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ. ಮುಚ್ಚಳ ಸಡಿಲಾದ ಕ್ಷಣ ಮುಖಕ್ಕೇ ಚಿಮ್ಮುತ್ತದೆ.

ಡೀಸೆಲ್ ಫಿಲ್ಟರ್‌ನಲ್ಲಿ ನೀರು ಅಂತ ಲೈಟ್ ಬಂತು. ಓಡಿಸಬಹುದಾ?

ಹತ್ತಿರದ ಗ್ಯಾರೇಜಿನವರೆಗೆ, ನಿಧಾನವಾಗಿ. ನೀರು ಡೀಸೆಲ್‌ಗಿಂತ ಭಾರ, ಫಿಲ್ಟರಿನ ತಳದಲ್ಲಿ ಕೂರುತ್ತದೆ. ಕೆಳಗಿನ ತಿರುಪನ್ನು ಸಡಿಲಿಸಿ, ಬಾಟಲಿ ಹಿಡಿದು, ಬರೀ ಡೀಸೆಲ್ ಬರುವವರೆಗೆ ಬಿಟ್ಟು ಮತ್ತೆ ಬಿಗಿಯಬೇಕು. ಹಾಗೇ ಓಡಿಸಿದರೆ ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಹೋಗುತ್ತದೆ, ಅದರ ಬೆಲೆ ಕೇಳಿದರೆ ಫಿಲ್ಟರ್ ಪುಕ್ಕಟೆ ಅನ್ನಿಸುತ್ತದೆ.

ಏರ್ ಫಿಲ್ಟರ್ ಗಾಳಿ ಹೊಡೆದು ಎಷ್ಟು ಸಲ ಉಪಯೋಗಿಸಬಹುದು?

ಒಳಗಿನಿಂದ ಹೊರಕ್ಕೆ, ದೂರ ಹಿಡಿದು, ಒಂದೆರಡು ಸಲ. ಬಂಕಿನ ಗಾಳಿಯನ್ನು ಹೊರಗಿನಿಂದ ಒತ್ತಿ ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಧೂಳು ಸೀದಾ ಟರ್ಬೊಗೆ.

ಇಲಿ ವೈರ್ ಕಡಿದು ಹಾಕ್ತಿದೆ. ತಂಬಾಕು ಇಟ್ಟೆ, ನುಸಿಗುಳಿಗೆ ಇಟ್ಟೆ, ಸ್ಪ್ರೇ ಹೊಡೆದೆ. ಯಾವುದಕ್ಕೂ ಬಗ್ಗಲ್ಲ.

ವಾಸನೆಯ ಉಪಾಯಗಳು ಎಂಜಿನ್ ಬಿಸಿಗೆ ವಾರದೊಳಗೆ ಸತ್ತುಹೋಗುತ್ತವೆ. ಇಲಿ ಬರುವುದು ಬೆಚ್ಚಗೆ, ಕತ್ತಲು, ತಿನ್ನಲು ಎಂಬ ಮೂರಕ್ಕೆ. ಅಡಕೆ ಸುಲಿಯುವ ಚಪ್ಪರ, ಸೌದೆ ರಾಶಿ, ಭತ್ತದ ಕೋಣೆ ಇವುಗಳಿಂದ ದೂರ ನಿಲ್ಲಿಸಿ. ಸೀಟಿನ ಸಂದಿಯ ಕಡಲೆಬೀಜ, ಬಿಸ್ಕತ್ತಿನ ಚೂರು ಗುಡಿಸಿ. ರಾತ್ರಿ ಬಾನೆಟ್ ಎತ್ತಿಟ್ಟು ಒಂದು ಸಣ್ಣ ಬಲ್ಬ್ ಉರಿಸಿದರೆ ಬೆಚ್ಚಗೂ ಇಲ್ಲ, ಕತ್ತಲೂ ಇಲ್ಲ. ಮನೆಯೊಳಗೆ ನಿಲ್ಲಿಸುವವರಿಗೆ ಇದರಷ್ಟು ಫಲ ಕೊಟ್ಟದ್ದು ಬೇರೆ ಇಲ್ಲ. ಏಸಿಗೆ ಗಾಳಿ ಹೋಗುವ ಬಾಯಿಗೆ ಕಬ್ಬಿಣದ ಸಣ್ಣ ಜಾಲರಿ ಹಾಕಿಸಿ. ವಾರಗಟ್ಟಲೆ ನಿಂತ ಗಾಡಿಯನ್ನು ಬಾನೆಟ್ ತೆಗೆದು ನೋಡದೆ ಸ್ಟಾರ್ಟ್ ಮಾಡಬೇಡಿ: ಎಂಜಿನ್ ಮೇಲೆ ಒಣಹುಲ್ಲಿನ ಗೂಡಿದ್ದರೆ ಬೆಂಕಿಗೆ ಅದೇ ಸಾಕು.

ಡಿಪಿಎಫ್ ಲೈಟ್ ಹತ್ತಿದೆ. ಸರ್ವಿಸ್ ಸೆಂಟರ್‌ಗೆ ಓಡಬೇಕಾ?

ಹಳದಿ ದೀಪ ಒಂದೇ ಹತ್ತಿದ್ದರೆ ಬೇಡ, ಹೆದ್ದಾರಿಗೆ ಓಡಿ. ಹೊಗೆಯ ಮಸಿಯನ್ನು ಹಿಡಿದಿಡುವ ಜರಡಿ ಅದು. ಅದರೊಳಗಿನ ಬಿಸಿ ಸುಮಾರು 600 ಡಿಗ್ರಿಗೆ ಏರಿದಾಗ ಮಸಿ ಸುಟ್ಟು ಬೂದಿಯಾಗುತ್ತದೆ. ಬೆಂಗಳೂರಿನ ಸಿಗ್ನಲ್‌ನಿಂದ ಸಿಗ್ನಲ್‌ಗೆ ಹರಿದಾಡುವ ಗಾಡಿಯಲ್ಲಿ ಆ ಬಿಸಿ ಬರುವುದೇ ಅಪರೂಪ. ಒಂದು ಗೇರ್ ಕಡಿಮೆ ಇಟ್ಟು, 2,000 ಆರ್‌ಪಿಎಂ ಮೇಲೆ, ಗಂಟೆಗೆ 60 ಕಿ.ಮೀ. ದಾಟಿ 20 ನಿಮಿಷ ನಿಲ್ಲದೆ ಓಡಿಸಿ. ದೀಪ ಆರುತ್ತದೆ. ನಡುವೆ ಆಫ್ ಮಾಡಿದರೆ ಕೆಲಸ ಅರ್ಧಕ್ಕೆ ನಿಂತು, ಮೇಲೆ ಹೇಳಿದ ಆಯಿಲ್ ತೊಂದರೆ ಶುರು. ಜೊತೆಗೆ ಎಂಜಿನ್ ಲೈಟೂ ಹತ್ತಿ ಗಾಡಿ ಎಳೆಯುತ್ತಿಲ್ಲವೆಂದರೆ ಮಾತ್ರ ಸ್ಕ್ಯಾನರ್ ಇರುವಲ್ಲಿಗೆ ಒಯ್ಯಿರಿ. ತಿಂಗಳಿಗೆ ಐನೂರು ಕಿಲೋಮೀಟರೂ ಓಡದ, ಬರೀ ನಗರದ ಬಳಕೆಯವರು ಡೀಸೆಲ್ ಗಾಡಿ ಕೊಳ್ಳದಿರುವುದೇ ಲೇಸು.

ಡಿಇಎಫ್ ಹಾಕಲು ಹೋಗಿ ಡೀಸೆಲ್ ಟ್ಯಾಂಕಿಗೇ ಸುರಿದುಬಿಟ್ಟೆ!

ಕೀ ತಿರುಗಿಸಬೇಡಿ, ಆನ್ ಕೂಡ ಮಾಡಬೇಡಿ. ಆನ್ ಮಾಡಿದರೆ ಪಂಪ್ ಅದನ್ನು ಇಂಜೆಕ್ಟರ್‌ವರೆಗೆ ತಳ್ಳಿಬಿಡುತ್ತದೆ. ಡಿಇಎಫ್ ಎಂದರೆ ಹೊಗೆ ಶುದ್ಧಿಗೆಂದು ಬೇರೆ ಟ್ಯಾಂಕಿಗೆ ಹಾಕುವ ದ್ರವ: 32.5% ಯೂರಿಯಾ, ಉಳಿದದ್ದು ಶುದ್ಧ ನೀರು. ಗಾಡಿಯನ್ನು ಎಳೆಸಿಕೊಂಡು ಹೋಗಿ ಟ್ಯಾಂಕ್ ಇಳಿಸಿ ತೊಳೆಸಿ. ಡಿಇಎಫ್ ಟ್ಯಾಂಕಿನ ಮುಚ್ಚಳ ನೀಲಿ, ನೆನಪಿರಲಿ. ಗೊಬ್ಬರದ ಯೂರಿಯಾ ಕರಗಿಸಿ ಹಾಕುವ ಬುದ್ಧಿವಂತಿಕೆಯೂ ಬೇಡ, ಅದರಲ್ಲಿರುವ ಕಲ್ಮಶದಿಂದ ಇಡೀ ವ್ಯವಸ್ಥೆಯೇ ಕಟ್ಟಿಕೊಳ್ಳುತ್ತದೆ.

## ಘಾಟಿ, ಕಣ, ಮಳೆ

ಆಗುಂಬೆ ಇಳಿಯುವಾಗ ಸುಟ್ಟ ವಾಸನೆ ಬಂತು, ಬ್ರೇಕ್ ಮೆತ್ತಗಾಯ್ತು. ಪ್ಯಾಡ್ ಹೋಯ್ತಾ?

ಪ್ಯಾಡ್‌ಗಿಂತ ಮೊದಲು ಇಳಿದ ರೀತಿ ನೋಡಿ. ಆಗುಂಬೆಯ 14 ತಿರುವುಗಳನ್ನು ಬರೀ ಬ್ರೇಕಿನಲ್ಲೇ ಇಳಿದರೆ, ಎರಡು ಟನ್ ಭಾರದ ಗಾಡಿಯ ವೇಗವೆಲ್ಲ ಶಾಖವಾಗಿ ನಾಲ್ಕು ಚಕ್ರದಲ್ಲಿ ಸೇರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ವಸ್ತು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿಯವರೆಗೂ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಕುದಿದರೆ ಆವಿ. ಆವಿ ಒತ್ತಿದರೆ ಕುಗ್ಗುತ್ತದೆ, ಹಾಗಾಗಿ ಪೆಡಲ್ ಹತ್ತಿಯಂತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ.

ಇಳಿಯುವ ಕ್ರಮ ಹಳೆಯದೇ: ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಆಟೊಮ್ಯಾಟಿಕ್‌ನಲ್ಲಿ ಮ್ಯಾನ್ಯುಯಲ್ ಮೋಡ್‌ಗೆ ತಂದು ಎರಡನ್ನು ಹಿಡಿಯಿರಿ. ತಿರುವಿನ ಮೊದಲೇ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ಬಿಡಿ. ಉದ್ದಕ್ಕೂ ಕಾಲಿಟ್ಟುಕೊಂಡೇ ಹೋಗಬೇಡಿ. ನ್ಯೂಟ್ರಲ್‌ನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತದೆಂಬುದು ಸುಳ್ಳು. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲೇ ಖರ್ಚು ಹೆಚ್ಚು.

ವಾಸನೆ ಬಂದರೆ ಅಗಲವಿರುವ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಡಿ, ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಬಿಡಿ. ಬಿಸಿ ಡಿಸ್ಕಿಗೆ ನೀರು ಸುರಿದರೆ ಸೊಟ್ಟಗಾಗುತ್ತದೆ. ಹೊರಡುವಾಗ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ, ಹಿಂದೆ ಬೈಕಿನವರು ಬರುತ್ತಾರೆ. ಕಿರಿದಾದ ಕಡೆ ಏರುತ್ತಿರುವವರಿಗೆ ಮೊದಲು ದಾರಿ. ಇದು ಸೌಜನ್ಯವಷ್ಟೇ ಅಲ್ಲ, ನಿಯಮ.

ರಸ್ತೆ ಮೇಲೆ ಹುರುಳಿ ಒಕ್ಕಣೆಗೆ ಹಾಕಿರ್ತಾರೆ. ಅದರ ಮೇಲೆ ಹೋದ್ರೆ ಏನೂ ಆಗಲ್ಲ ಅಲ್ವಾ?

ಆಗುತ್ತದೆ. ಮಂಡ್ಯ, ಹಾಸನ, ತುಮಕೂರು ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಹುರುಳಿ ಬಳ್ಳಿ ನಾರಿನಂಥದು, ಹರಿಯುವುದಿಲ್ಲ. ಗಾಡಿಯ ಅಡಿಯಲ್ಲಿ ಹಿಂದಿನ ಚಕ್ರಗಳಿಗೆ ಎಳೆತ ಒಯ್ಯುತ್ತಾ ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ಮೊದಲು ಒಂದೆಳೆ ಸುತ್ತಿಕೊಳ್ಳುತ್ತದೆ, ಅದು ಇನ್ನಷ್ಟನ್ನು ಎಳೆಯುತ್ತದೆ, ಸ್ವಲ್ಪ ಹೊತ್ತಿಗೆ ತೊಡೆ ದಪ್ಪದ ಸಿಂಬಿ. ಪಕ್ಕದಲ್ಲೇ ಸೈಲೆನ್ಸರ್. ಡಿಪಿಎಫ್ ಶುದ್ಧಿಯಾಗುವ ಹೊತ್ತೂ ಅದೇ ಆಗಿದ್ದರೆ ಒಣಹುಲ್ಲಿಗೆ ಬೆಂಕಿ ಬೀಳಲು ಮತ್ತೇನೂ ಬೇಡ. ಎತ್ತರದ ಗಾಡಿಗೆ ತಗುಲುವುದಿಲ್ಲ ಎಂಬ ಧೈರ್ಯವೂ ಬೇಡ. ಟೈರ್ ಹುಲ್ಲನ್ನು ಮೇಲಕ್ಕೆಸೆಯುತ್ತದೆ.

ಬದಿಯಲ್ಲಿ ಜಾಗವಿದ್ದರೆ ಬದಿ ಹಿಡಿಯಿರಿ. ಇಲ್ಲದಿದ್ದರೆ ನಿಧಾನವಾಗಿ ದಾಟಿ, ಅದರ ಮೇಲೆ ನಿಲ್ಲಬೇಡಿ, ಗಕ್ಕನೆ ಬ್ರೇಕ್ ಹಾಕಬೇಡಿ. ಹುಲ್ಲು ಎಣ್ಣೆಯ ಹಾಗೆ ಜಾರುತ್ತದೆ. ದಾಟಿ ಇನ್ನೂರು ಮೀಟರ್ ಆದ ಮೇಲೆ ಬರಿ ನೆಲದಲ್ಲಿ ನಿಲ್ಲಿಸಿ ಟಾರ್ಚ್ ಹಿಡಿದು ಬಗ್ಗಿ ನೋಡಿ. ಸುತ್ತಿದ್ದರೆ ಎಂಜಿನ್ ಆಫ್ ಮಾಡಿ, ಸೈಲೆನ್ಸರ್ ಮುಟ್ಟದಂತೆ, ಕುಡುಗೋಲಿನಿಂದ ಕೊಯ್ದು ತೆಗೆಯಿರಿ. ಎಳೆದರೆ ಬರುವುದಿಲ್ಲ. ಹೊಗೆ ಕಂಡರೆ ಹುಲ್ಲಿನ ರಾಶಿಯಿಂದ ದೂರ ತಂದು ಎಲ್ಲರನ್ನೂ ಇಳಿಸಿ, ಆಮೇಲೆ ಬೆಂಕಿಯ ವಿಚಾರ. ಒಂದು ಕೆ.ಜಿ.ಯ ಪುಡಿ ಎಕ್ಸ್‌ಟಿಂಗ್ವಿಷರ್ ಡ್ರೈವರ್ ಸೀಟಿನ ಕೈಯಳತೆಯಲ್ಲಿರಲಿ. ಡಿಕ್ಕಿಯಲ್ಲಿ ಬ್ಯಾಗುಗಳ ಕೆಳಗಿದ್ದರೆ ಇಲ್ಲದಂತೆಯೇ.

ಸೇತುವೆ ಮೇಲೆ ನೀರು ಹರೀತಿದೆ. ಮುಂದಿನ ಜೀಪು ದಾಟಿತು. ನಾನೂ ಹೋಗಲಾ?

ಹರಿಯುವ ನೀರಾದರೆ ಬೇಡ. ಲೆಕ್ಕ ಹಾಕಿ ನೋಡಿ: ನಾಲ್ಕು ಮೀಟರ್ ಉದ್ದ, 1.8 ಮೀಟರ್ ಅಗಲದ ಗಾಡಿಯ ತಳ ಮುಟ್ಟಿದ ಮೇಲೆ ನೀರು 10 ಸೆಂ.ಮೀ. ಏರಿದರೆ ಸುಮಾರು 700 ಕೆ.ಜಿ. ಭಾರವನ್ನು ಎತ್ತಿಹಿಡಿಯುತ್ತದೆ. ಇನ್ನು 15 ಸೆಂ.ಮೀ. ಏರಿದರೆ 1,800 ಕೆ.ಜಿ.ಯ ಗಾಡಿ ದೋಣಿ. ನಾಲ್ಕು ಚಕ್ರದ ಎಳೆತ ಆಗ ಯಾವ ನೆಲವನ್ನು ಹಿಡಿಯಬೇಕು?

ನಿಂತ ನೀರಾದರೆ ಮೊದಲು ಕೋಲು ಹಿಡಿದು ಆಳ ನೋಡಿ. ಸಾಮಾನ್ಯ ಎಸ್‌ಯುವಿಗೆ ಚಕ್ರದ ಅರ್ಧ ಮಿತಿ. ಥಾರ್‌ಗೆ ಕಂಪನಿ ಹೇಳುವುದು 650 ಮಿ.ಮೀ.; ಅದೂ ನಿಧಾನವಾಗಿ ಸಾಗಿದರೆ. ಒಂದನೇ ಗೇರ್, ಒಂದೇ ಸಮ ಆಕ್ಸಿಲರೇಟರ್, ನಡುವೆ ಕ್ಲಚ್ ಒತ್ತಬೇಡಿ. ಎದುರಿನಿಂದ ಬಸ್ಸು ಬರುತ್ತಿದ್ದರೆ ಅದು ದಾಟುವವರೆಗೆ ಕಾಯಿರಿ, ಅದರ ಅಲೆ ನಿಮ್ಮ ಬಾನೆಟ್ ಮೇಲೇ ಬರುತ್ತದೆ. ದಾಟಿದ ಮೇಲೆ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿ.

ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ಮೇಲೇರಿದಾಗ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ತಳ್ಳಿಸಿ ಹೊರತನ್ನಿ. ಎಂಜಿನ್‌ಗೆ ನೀರು ಹೊಕ್ಕ ಹಾನಿಯನ್ನು ಮಾಮೂಲಿ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬೇಕು. ಮಳೆನಾಡಿನವರು ಅದನ್ನು ಬಿಡಬಾರದು.

ಮೇಲೆ ಕ್ಯಾರಿಯರ್, ಮುಂದೆ ಕ್ರ್ಯಾಶ್ ಗಾರ್ಡ್ ಹಾಕಿಸೋಣ ಅಂತಿದ್ದೀನಿ.

ಮೇಲಿನ ಭಾರದ ಮಿತಿ ಹೆಚ್ಚಿನ ಗಾಡಿಗಳಲ್ಲಿ 50ರಿಂದ 75 ಕೆ.ಜಿ., ಕ್ಯಾರಿಯರ್ ತೂಕವೂ ಸೇರಿ. ಎತ್ತರದ ಗಾಡಿ ಮೊದಲೇ ತಿರುವಿನಲ್ಲಿ ವಾಲುತ್ತದೆ, ತಲೆಯ ಮೇಲೆ ಮೂಟೆ ಇಟ್ಟರೆ ಪಲ್ಟಿಗೆ ಕರೆದ ಹಾಗೆ. ಭಾರದ್ದು ಒಳಗೆ, ಸೀಟಿಗೆ ಒತ್ತಿ. ಮೇಲೆ ಹಾಸಿಗೆಬಟ್ಟೆ ಇರಲಿ. ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಡಿಕ್ಕಿಯ ಪೆಟ್ಟನ್ನು ಬಂಪರ್ ಕುಗ್ಗಿ ನುಂಗಬೇಕು. ಕಬ್ಬಿಣದ ಗಾರ್ಡ್ ಅದನ್ನು ಸೀದಾ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗ್ ತೆರೆಯುವ ಹೊತ್ತೂ ತಪ್ಪಬಹುದು. ಪಾದಚಾರಿಗೆ ಬಿದ್ದರಂತೂ ಕೇಳುವುದೇ ಬೇಡ.

ಮಕ್ಕಳನ್ನು ಹಿಂದಿನ ಅಡ್ಡ ಸೀಟಿನಲ್ಲಿ ಕೂರಿಸಬಹುದಾ?

ಬೇಡ. ಎದುರುಬದುರು ಸೀಟಿನಲ್ಲಿ ಕೂತವರನ್ನು ಗಾಡಿಯ ಮುಂಭಾಗ ಡಿಕ್ಕಿಯಾದಾಗ ಹಿಡಿಯುವಂಥದ್ದು ಏನೂ ಇಲ್ಲ. ಮಕ್ಕಳಿಗೆ ನಡುವಿನ ಸಾಲು, ಐಸೊಫಿಕ್ಸ್ ಕೊಂಡಿಯಿದ್ದರೆ ಅದಕ್ಕೆ ಸಿಕ್ಕಿಸಿದ ಮಕ್ಕಳ ಸೀಟು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಮಕ್ಕಳ ಸೀಟು ಇಡಲೇಬಾರದು.

## ನಾಲ್ಕು ಚಕ್ರದ ಎಳೆತ

ಮಳೆಯಲ್ಲಿ ಟಾರ್ ರೋಡಿನಲ್ಲೂ 4ಎಚ್ ಹಾಕಿಕೊಂಡರೆ ಸೇಫ್ ಅಲ್ವಾ?

ಥಾರ್‌ನಂಥ ಗಾಡಿಗಳಲ್ಲಿ ಅಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. 4ಎಚ್‌ನಲ್ಲಿ ಮುಂದಿನ, ಹಿಂದಿನ ಚಕ್ರಗಳ ಶಾಫ್ಟ್ ಎರಡೂ ಒಂದಕ್ಕೊಂದು ಬಿಗಿದಿರುವುದರಿಂದ ಆ ವ್ಯತ್ಯಾಸಕ್ಕೆ ಜಾಗವಿಲ್ಲ. ಕೆಸರಿನಲ್ಲಿ ಟೈರ್ ಕೊಂಚ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರದೆ, ಬಿಗಿತವೆಲ್ಲ ಗೇರುಗಳಲ್ಲಿ ಸೇರಿ, ಸ್ಟೇರಿಂಗ್ ಒರಟಾಗಿ ಕಟ್ ಕಟ್ ಸದ್ದು ಬರುತ್ತದೆ. ಬ್ರೇಕಿಗಂತೂ ಅದರಿಂದ ಲಾಭವೇ ಇಲ್ಲ, ನಿಲ್ಲಿಸುವಾಗ ಎಲ್ಲ ಗಾಡಿಗೂ ನಾಲ್ಕೇ ಚಕ್ರ. 4ಎಲ್‌ಗೆ ಹೋಗಲು ಪೂರ್ತಿ ನಿಂತು, ನ್ಯೂಟ್ರಲ್‌ಗೆ ತಂದು ಬದಲಿಸಿ. ಬಳಸದವರು ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಒಂದೆರಡು ಕಿ.ಮೀ. 4ಎಚ್‌ನಲ್ಲಿ ಓಡಿಸಿ, ಒಳಗೆಲ್ಲ ಆಯಿಲ್ ಹರಿಯಲಿ.

ಕೆಸರಲ್ಲಿ ಹೂತೆ. ಟ್ರ್ಯಾಕ್ಟರ್ ಬರೋವರೆಗೆ ಏನು ಮಾಡಲಿ?

ಆಕ್ಸಿಲರೇಟರ್ ಬಿಡಿ. ಚಕ್ರ ತಿರುಗಿದಷ್ಟೂ ಆಕ್ಸಲ್ ನೆಲಕ್ಕೆ ಕೂರುತ್ತದೆ. ಚಕ್ರಗಳ ಮುಂದಿನ, ಹಿಂದಿನ ಕೆಸರು ತೋಡಿ, ಗಾಳಿಯನ್ನು 20 ಪಿಎಸ್‌ಐ ಸುಮಾರಿಗೆ ಇಳಿಸಿ, ಅಡಕೆ ಸೋಗೆಯೋ ಗೋಣಿಯೋ ತುರುಕಿ, 4ಎಲ್‌ನಲ್ಲಿ ಮೆಲ್ಲಗೆ, ಬಂದ ದಾರಿಯಲ್ಲೇ ರಿವರ್ಸ್ ಗೇರಿನಲ್ಲಿ ಹಿಂದಕ್ಕೋ ಎರಡನೇ ಗೇರಿನಲ್ಲಿ ಮುಂದಕ್ಕೋ ನೋಡಿ. ಎಡಬಲ ಚಕ್ರಗಳು ಒಟ್ಟಿಗೆ ತಿರುಗುವಂತೆ ಬಿಗಿಯುವ ಡಿಫ್ ಲಾಕ್ ಇದ್ದರೆ ಅದನ್ನು ಸ್ಟೇರಿಂಗ್ ನೇರವಿರುವಾಗ ಮಾತ್ರ ಹಾಕಿ. ಡಾಂಬರು ಸೇರಿದ ಕೂಡಲೇ ಗಾಳಿ ತುಂಬಿಸಿ.

ಎಳೆಸುವಾಗ ಹಗ್ಗವನ್ನು ಚಾಸಿಯ ಕೊಕ್ಕೆಗೇ ಕಟ್ಟಿ. ಬಂಪರಿಗಾಗಲಿ, ಹಿಂದೆ ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಗುಂಡಿಗಾಗಲಿ ಬೇಡ. ಕಿತ್ತುಬಂದ ಗುಂಡು ಗಾಜು ತೂರಿ ಒಳಗೆ ಬರುತ್ತದೆ. ಹಗ್ಗದ ನಡುವೆ ಒದ್ದೆ ಗೋಣಿ ಹಾಕಿದರೆ ತುಂಡಾದಾಗ ಕೆಳಕ್ಕೆ ಬೀಳುತ್ತದೆ. ನೋಡಲು ನೆರೆದವರನ್ನು ಹಗ್ಗದ ಒಂದೂವರೆ ಪಟ್ಟು ದೂರ ನಿಲ್ಲಿಸಿ, ಹಗ್ಗ ದಾಟಲು ಯಾರಿಗೂ ಬಿಡಬೇಡಿ.

ದೊಡ್ಡ ಟೈರ್ ಹಾಕಿಸಿದರೆ ಏನು ತೊಂದರೆ?

245/75 ಆರ್16 ಟೈರಿನ ಎತ್ತರ ಸುಮಾರು 774 ಮಿ.ಮೀ., 265/75 ಆರ್16 ಆದರೆ 804. ಸುಮಾರು 4% ಹೆಚ್ಚು. ಮೀಟರ್ 80 ತೋರಿಸುವಾಗ ಗಾಡಿ ಮೊದಲಿಗಿಂತ ಮೂರು ಕಿ.ಮೀ. ಜಾಸ್ತಿ ಓಡುತ್ತಿರುತ್ತದೆ, ಎಳೆತ ತಗ್ಗುತ್ತದೆ, ನಿಲ್ಲುವ ದೂರ ಹೆಚ್ಚುತ್ತದೆ, ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಅಂದಕ್ಕಾದರೆ ಬೇಡ.

ಹೊಳೆ ದಾಟಿ ಬಂದ ಮೇಲೆ ಡಿಫರೆನ್ಷಿಯಲ್ ಆಯಿಲ್ ನೋಡಬೇಕು ಅಂತಾರೆ. ಹೇಗೆ?

ಡಿಫರೆನ್ಷಿಯಲ್ ಎಂದರೆ ಆಕ್ಸಲ್ ನಡುವೆ, ಎಡಬಲ ಚಕ್ರಗಳಿಗೆ ಎಳೆತ ಹಂಚುವ ಗೇರುಗಳ ಡಬ್ಬ. ಬಿಸಿಯಾದ ಆಕ್ಸಲ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರ್ ಎಂಬ ಗಾಳಿಯಾಡುವ ತೂತು ಅಥವಾ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಆಕ್ಸಲ್ ಮುಳುಗುವಷ್ಟು ನೀರು ದಾಟಿದ್ದರೆ ಅದೇ ವಾರ ನೋಡಿ. ಮೊದಲು ಮೇಲಿನ, ಆಯಿಲ್ ತುಂಬುವ ತಿರುಪು ಬಿಚ್ಚುತ್ತದೆಯೇ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಕೆಳಗಿನದನ್ನು ಬಿಚ್ಚಿ. ಹಿಂದುಮುಂದು ಮಾಡಿ, ಆಯಿಲೆಲ್ಲ ಸುರಿದುಹೋದ ಮೇಲೆ ಮೇಲಿನ ತಿರುಪು ತುಕ್ಕಿಗೆ ಕಚ್ಚಿಕೊಂಡಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ನೀರು ಹೊಕ್ಕಿದೆ. ತಳದ ತಿರುಪಿನ ಅಯಸ್ಕಾಂತಕ್ಕೆ ಮೆತ್ತಿದ ನುಣ್ಣನೆ ಕಪ್ಪು ಪುಡಿ ಸಹಜ, ಕೈಗೆ ಚುಚ್ಚುವ ಚೂರು ಸಿಕ್ಕರೆ ಗೇರ್ ಒಡೆಯುತ್ತಿದೆ. ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲನ್ನು, ಮೇಲಿನ ತೂತಿನಿಂದ ತಾನಾಗಿ ಹೊರಚೆಲ್ಲುವವರೆಗೆ ತುಂಬಿ, ಹನಿ ನಿಂತ ಮೇಲೆ ಮುಚ್ಚಿ. ಬ್ರೀದರ್ ಬಾಯಿಗೆ ಕೆಸರು ಕಟ್ಟಿದ್ದರೆ ಅವತ್ತೇ ತೆಗೆಯಿರಿ.